ಆಲಿಸುವ ಮನೆ: ಯಾವುದು ಮೊದಲು, ಯಾವುದು ಆಮೇಲೆ?

ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿರುವ ಅನುಗ್ರಹಗಳಲ್ಲಿ ಶ್ರವಣ ಶಕ್ತಿಯು ಅತ್ಯಂತ ಮಹತ್ವದ್ದಾಗಿದೆ. ಪವಿತ್ರ ಕುರ್‌ಆನ್ ಕಿವಿ, ಕಣ್ಣು ಮತ್ತು ಹೃದಯಗಳನ್ನು ಒಟ್ಟಾಗಿ ಹೆಸರಿಸುವ ಹಲವು ಕಡೆಗಳಲ್ಲಿ (16:78, 23:78, 67:23) ಕಿವಿಯ ಪ್ರಸ್ತಾಪವೇ ಮೊದಲು ಬರುತ್ತದೆ. ಈ ಮೂರರ ಕುರಿತೂ ನಮ್ಮೊಡನೆ ವಿಚಾರಣೆ ನಡೆಯಲಿದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ (17:36). ಕುರ್‌ಆನ್ ಪಾರಾಯಣವಾಗುತ್ತಿರುವಾಗ ಮೌನವಾಗಿದ್ದು ಗಮನವಿಟ್ಟು ಆಲಿಸಬೇಕೆಂಬ ಆದೇಶವೂ (7:204) ಸತ್ಯವಿಶ್ವಾಸಿಗಳಿಗೆ ಚಿರಪರಿಚಿತವಾಗಿದೆ. ಹೀಗಿದ್ದೂ ಮನೆಯಲ್ಲಿ ಆಲಿಸುವುದಕ್ಕಾಗಿ ಒಂದು ಉಪಕರಣವನ್ನು ಕೊಳ್ಳುವ ಸಂದರ್ಭ ಬಂದಾಗ ಪೆಟ್ಟಿಗೆಯ ಗಾತ್ರ, ಕಂಪೆನಿಯ ಹೆಸರು ಮತ್ತು ವ್ಯಾಟ್‌ಗಳ ಸಂಖ್ಯೆಯ ಬಗ್ಗೆ ನಡೆಯುವಷ್ಟು ಚರ್ಚೆ ಆಲಿಸುವವರ ಕಿವಿಯ ಬಗ್ಗೆ ನಡೆಯುವುದಿಲ್ಲ. ಈ ವಿಷಯವನ್ನು ನಾವು ಮನೆಮಂದಿ ಕೆಲವು ವಾರಗಳ ಕಾಲ ಕುಳಿತು ಯೋಚಿಸಬೇಕಾಗಿ ಬಂತು. ಅದರಿಂದ ದೊರೆತ ತಿಳಿವಳಿಕೆ ಇತರರಿಗೂ ಉಪಯೋಗವಾದೀತೆಂಬ ನಿರೀಕ್ಷೆಯಿಂದ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಮ್ಮ ಮನೆಯಿರುವುದು ಬೀಜಾಡಿಯಲ್ಲಿ. ಕೋಟೇಶ್ವರದಿಂದ ಕುಂಭಾಶಿಯ ಕಡೆಗೆ ಸಾಗುವಾಗ ರಾಷ್ಟ್ರೀಯ ಹೆದ್ದಾರಿ 66ರ ಪಶ್ಚಿಮಕ್ಕೆ, ಕಡಲಿನ ಮೊರೆತ ಕೇಳಿಸುವಷ್ಟು ಸಮೀಪದಲ್ಲಿ. ನಮ್ಮ ಬಾಪ ಎಂಬತ್ತರ ದಶಕದಲ್ಲಿ ಕೊಲ್ಲಿಯಿಂದ ಮರಳುವಾಗ ತಂದ ಕ್ಯಾಸೆಟ್ ಡೆಕ್, ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್‌ಗಳು ಇಂದಿಗೂ ಮನೆಯಲ್ಲಿವೆ. ಅವರು ಅಲ್ಲಾಹನ ಕಡೆಗೆ ಮರಳಿ ವರ್ಷಗಳಾದವು. ಉಮ್ಮನಿಗೆ ಈಗ ಎಪ್ಪತ್ತಾರು. ಕಣ್ಣಿನ ದೃಷ್ಟಿ ಮಂದವಾಗಿರುವುದರಿಂದ ಮುಸ್‌ಹಫ್ ಓದಲು ಸಾಧ್ಯವಾಗುತ್ತಿಲ್ಲ. ಸುಬ್‌ಹ್ ನಮಾಝಿನ ಬಳಿಕ ಒಂದು ಗಂಟೆ, ಅಸರ್ ಬಳಿಕ ಒಂದು ಗಂಟೆ ಕುರ್‌ಆನ್ ಪಾರಾಯಣವನ್ನೂ ಅದರ ಕನ್ನಡ ಅರ್ಥವನ್ನೂ ಆಲಿಸುವುದೇ ಅವರ ದಿನಚರಿ. ಕೆಲವು ತಿಂಗಳುಗಳಿಂದ ಅವರು ಹೇಳತೊಡಗಿದ ಮಾತು ಒಂದೇ: ಸದ್ದು ಕೇಳಿಸುತ್ತದೆ, ಮಾತು ಬಿಡಿಸಿ ಕೇಳಿಸುವುದಿಲ್ಲ.

ಜುಬೈಲಿನಲ್ಲಿ ದುಡಿಯುತ್ತಿರುವ ಹಿರಿಯಣ್ಣನಿಗೆ ಈ ಸುದ್ದಿ ತಲುಪಿದೊಡನೆ 40,000 ರೂಪಾಯಿ ಕಳುಹಿಸಿದರು. ಉಮ್ಮನಿಗಾಗಿ ದೊಡ್ಡದೊಂದು ಹೋಮ್ ಥಿಯೇಟರ್ ಕೊಳ್ಳಿರೆಂಬುದು ಅವರ ಬಯಕೆ. ಆಂಪ್ಲಿಫೈಯರ್ ಹಳತಾಗಿದೆ, ಅದನ್ನೇ ಮೊದಲು ಬದಲಿಸೋಣ ಎಂಬುದು ತಮ್ಮನ ವಾದ. ಕ್ಯಾಸೆಟ್ಟಿನ ಕಾಲ ಮುಗಿಯಿತು, ಒಳ್ಳೆಯ ಡಿಜಿಟಲ್ ಪ್ಲೇಯರ್ ತರೋಣ ಎಂದು ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳು ಹೇಳಿದಳು. ಪೇಟೆಯ ಅಂಗಡಿಯವರು ಇವೆಲ್ಲದರ ಜೊತೆಗೆ ದುಬಾರಿ ತಂತಿಯನ್ನೂ ಸೂಚಿಸಿದರು. ಹಣ ಒಂದೇ, ಅಭಿಪ್ರಾಯ ನಾಲ್ಕು. ಅಣ್ಣನ ಬೆವರಿನ ದುಡ್ಡು ವ್ಯರ್ಥವಾಗಬಾರದು, ಅವರ ಮನಸ್ಸೂ ನೋಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಉಮ್ಮನ ಪಾಲಿಗೆ ಉಳಿದಿರುವ ಆ ಎರಡು ಗಂಟೆಗಳ ಆಲಿಕೆ ಕೈತಪ್ಪಬಾರದು.

ಖರ್ಚಿನ ವಿಷಯದಲ್ಲಿ ದುಂದುಗಾರಿಕೆಯೂ ಬೇಡ, ಜಿಪುಣತನವೂ ಬೇಡ, ಅವೆರಡರ ನಡುವಿನ ಸಮತೋಲನವಿರಲಿ ಎಂಬುದು ಕುರ್‌ಆನಿನ ಬೋಧನೆ (25:67). ಈ ಸಮತೋಲನವನ್ನು ಅಳೆಯಲು ನಮ್ಮ ವಿದ್ವಾಂಸರು ಒಂದು ಮಾನದಂಡವನ್ನೂ ಕೊಟ್ಟಿದ್ದಾರೆ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರೂ, 1388ರಲ್ಲಿ ನಿಧನರಾದ ಗ್ರನಾಡದ ಇಮಾಮ್ ಶಾತಿಬಿಯವರೂ ಮನುಷ್ಯನ ಹಿತಗಳನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದರು. ಇಲ್ಲದಿದ್ದರೆ ಬದುಕೇ ಕೆಡುವಂಥದ್ದು ಝರೂರಿಯ್ಯಾತ್, ಅಂದರೆ ಅನಿವಾರ್ಯ. ಇಲ್ಲದಿದ್ದರೆ ಕಷ್ಟವಾಗುವಂಥದ್ದು ಹಾಜಿಯ್ಯಾತ್, ಅಂದರೆ ಅಗತ್ಯ. ಇದ್ದರೆ ಚೆಂದವೆನಿಸುವಂಥದ್ದು ತಹ್‌ಸೀನಿಯ್ಯಾತ್, ಅಂದರೆ ಅಲಂಕಾರ. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದಕ್ಕೆ ಕಾಲಿಡಬಾರದು. ಧರ್ಮದ ಮಹಾ ಪ್ರಶ್ನೆಗಳಿಗಾಗಿ ರೂಪುಗೊಂಡ ಈ ವಿಂಗಡಣೆ ಮನೆಯ ಸಣ್ಣ ಲೆಕ್ಕಾಚಾರಕ್ಕೂ ಬೆಳಕು ನೀಡುತ್ತದೆ. ಯಾವುದು ಸರಿಯಿಲ್ಲದಿದ್ದರೆ ಮಾತು ಅರ್ಥವೇ ಆಗುವುದಿಲ್ಲವೋ ಅದು ನಮಗೆ ಅನಿವಾರ್ಯ. ಯಾವುದು ಆಲಿಕೆಯನ್ನು ಸುಲಭಗೊಳಿಸುತ್ತದೋ ಅದು ಅಗತ್ಯ. ಉಳಿದದ್ದು ಅಲಂಕಾರ.

ಧ್ವನಿಯ ಹಾದಿಯನ್ನು ಮೊದಲು ತಿಳಿದುಕೊಳ್ಳೋಣ. ಕ್ಯಾಸೆಟ್, ಸಿಡಿ ಅಥವಾ ಮೊಬೈಲು ಧ್ವನಿಯ ಮೂಲ. ಅಲ್ಲಿಂದ ಹೊರಟ ಸಣ್ಣ ವಿದ್ಯುತ್ ಸಂಕೇತವನ್ನು ಆಂಪ್ಲಿಫೈಯರ್ ಬಲಗೊಳಿಸುತ್ತದೆ. ಸ್ಪೀಕರ್ ಅದನ್ನು ಗಾಳಿಯ ಕಂಪನವಾಗಿಸುತ್ತದೆ. ಆ ಕಂಪನವು ಕೋಣೆಯ ಗೋಡೆ, ನೆಲ, ಛಾವಣಿಗಳಿಗೆ ತಾಗಿ ಕೊನೆಗೆ ಕಿವಿಯನ್ನು ತಲುಪುತ್ತದೆ. ಈ ಸರಪಳಿಯಲ್ಲಿ ಯಾವ ಕೊಂಡಿಯನ್ನು ಮೊದಲು ಸುಧಾರಿಸಬೇಕೆಂಬ ಬಗ್ಗೆ ಜಗತ್ತಿನಲ್ಲಿ ಹಳೆಯದೊಂದು ವಿವಾದವಿದೆ. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಲಿನ್ ಕಂಪೆನಿಯ ಐವರ್ ಟೀಫೆನ್‌ಬ್ರನ್ ಅವರು ಮೂಲವೇ ಮೊದಲೆಂದು ವಾದಿಸಿದರು. ಮೂಲದಲ್ಲಿ ಕಳೆದುಹೋದದ್ದನ್ನು ಮುಂದಿನ ಯಾವ ಉಪಕರಣವೂ ಮರಳಿ ತರಲಾರದು ಎಂಬುದು ಅವರ ತರ್ಕ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಫ್ಲಾಯ್ಡ್ ಟೂಲ್ ಅವರು ಇನ್ನೊಂದು ದಾರಿ ಹಿಡಿದರು. ಉಪಕರಣಗಳನ್ನು ಮರೆಮಾಡಿ, ಹೆಸರು ತಿಳಿಸದೆ ಜನರಿಂದ ಆಲಿಸಿ, ಅವರು ಇಷ್ಟಪಡುವುದನ್ನು ದಾಖಲಿಸಿಕೊಂಡರು. ಸ್ಪೀಕರ್ ಮತ್ತು ಅದಿರುವ ಕೋಣೆಯೇ ಕೇಳುವ ಅನುಭವವನ್ನು ಬಹುಪಾಲು ನಿರ್ಧರಿಸುತ್ತವೆ ಎಂಬುದನ್ನು ಅವರ ದೀರ್ಘಕಾಲದ ಸಂಶೋಧನೆ ತೋರಿಸಿಕೊಟ್ಟಿತು.

ಇವೆರಡರಲ್ಲಿ ಯಾವುದನ್ನು ಸ್ವೀಕರಿಸುವುದು? ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಸೂಜಿ ಮತ್ತು ತಿರುಗುವ ಯಂತ್ರದ ಗುಣಮಟ್ಟದಲ್ಲಿ ಅಜಗಜಾಂತರವಿತ್ತು; ಮೂಲಕ್ಕೆ ಆದ್ಯತೆ ನೀಡಿದ್ದರಲ್ಲಿ ಅರ್ಥವಿತ್ತು. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದ ಬಳಿಕ ಪರಿಸ್ಥಿತಿ ಬದಲಾಯಿತು. ಇಂದು ಸಾಮಾನ್ಯ ಮೊಬೈಲು ಕೂಡ ಧ್ವನಿಯನ್ನು ಸಾಕಷ್ಟು ಶುದ್ಧವಾಗಿ ಕೊಡಬಲ್ಲದು. ಆದರೆ ಸ್ಪೀಕರ್ ಇಂದಿಗೂ ಹಿಂದಕ್ಕೂ ಮುಂದಕ್ಕೂ ಅಲುಗುವ ಒಂದು ಯಂತ್ರವೇ, ಕೋಣೆ ಇಂದಿಗೂ ಕಲ್ಲು ಸಿಮೆಂಟಿನದ್ದೇ. ಆದ್ದರಿಂದ ಎಣಿಕೆಯನ್ನು ಕಿವಿಯಿಂದ ಆರಂಭಿಸಿ ಹಿಂದಕ್ಕೆ ಸಾಗುವುದೆಂದು ನಾವು ತೀರ್ಮಾನಿಸಿದೆವು. ಮೊದಲು ಕಿವಿ, ಬಳಿಕ ಕೋಣೆ, ಬಳಿಕ ಸ್ಪೀಕರ್, ಆಮೇಲೆ ಆಂಪ್ಲಿಫೈಯರ್, ಆಮೇಲೆ ಮೂಲ, ಕೊನೆಗೆ ತಂತಿ.

ಮೊದಲ ಕೊಂಡಿ ಕಿವಿ. ಉಮ್ಮನನ್ನು ಕಿವಿಯ ವೈದ್ಯರಲ್ಲಿಗೆ ಕರೆದೊಯ್ದೆವು. ಮೊದಲು ಅವರು ಕಿವಿಯೊಳಗೆ ಗಟ್ಟಿಯಾಗಿ ಕೂತಿದ್ದ ಗುಗ್ಗೆಯನ್ನು ತೆಗೆದರು. ಅಷ್ಟರಿಂದಲೇ ಒಂದು ಪರದೆ ಸರಿದಂತಾಯಿತೆಂದು ಉಮ್ಮ ಹೇಳಿದರು. ಆಮೇಲೆ ನಡೆದದ್ದು ಶ್ರವಣ ಪರೀಕ್ಷೆ. ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ವಯಸ್ಸಾದಂತೆ ಮೇಲಿನ ತುದಿ, ಅಂದರೆ ಕೀಚಲು ಧ್ವನಿಗಳ ಭಾಗ ಮೊದಲು ಕ್ಷೀಣಿಸುತ್ತದೆ. ಸ್ವರಗಳ ಬಲ ಕೆಳಗಿನ ಕಂಪನಗಳಲ್ಲಿರುವುದರಿಂದ ಅವು ಉಳಿಯುತ್ತವೆ. ವ್ಯಂಜನಗಳನ್ನು ಬೇರ್ಪಡಿಸುವ ಸೂಕ್ಷ್ಮ ಸದ್ದು ಬಹುಪಾಲು 2,000ಕ್ಕಿಂತ ಮೇಲಿರುವುದರಿಂದ ಅದು ಜಾರಿಹೋಗುತ್ತದೆ. ಆಗ ಕಾಲು, ಪಾಲು, ಸಾಲು ಎಂಬ ಮೂರು ಮಾತುಗಳೂ ಒಂದೇ ಆಗಿ ಕೇಳಿಸುತ್ತವೆ. ಅರಬಿಯ ಸೀನ್ ಮತ್ತು ಸಾದ್ ಅಕ್ಷರಗಳ ವ್ಯತ್ಯಾಸವಂತೂ ಇನ್ನೂ ಸೂಕ್ಷ್ಮ. ಸದ್ದು ಕೇಳಿಸುತ್ತದೆ, ಮಾತು ಬಿಡಿಸಿ ಕೇಳಿಸುವುದಿಲ್ಲ ಎಂದು ಉಮ್ಮ ಹೇಳುತ್ತಿದ್ದುದು ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಅಕ್ಷರಶಃ ನಿಜವಾಗಿತ್ತು. ಎರಡು ಕಿವಿಗಳಲ್ಲಿ ಉತ್ತಮವಾಗಿರುವ ಬಲಗಿವಿಗೆ ಶ್ರವಣ ಸಾಧನ ಹಾಕಿದರೆ ಪ್ರಯೋಜನವಾದೀತೆಂದು ವೈದ್ಯರು ಸೂಚಿಸಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೀಚಲು ಭಾಗ ಕುಂದಿರುವ ಕಿವಿಗೆ ಎಲ್ಲವನ್ನೂ ಒಟ್ಟಾಗಿ ಜೋರು ಮಾಡಿ ಕೊಟ್ಟರೆ ಗದ್ದಲ ಹೆಚ್ಚುತ್ತದೆಯೇ ಹೊರತು ಸ್ಪಷ್ಟತೆ ಹೆಚ್ಚುವುದಿಲ್ಲ. ಮನೆಯ ಹಿರಿಯರು ಟಿವಿಯ ಸದ್ದನ್ನು ಏರಿಸುತ್ತಲೇ ಇದ್ದರೆ ಅವರನ್ನು ಗದರುವ ಮೊದಲು, ದೊಡ್ಡ ಪೆಟ್ಟಿಗೆ ತರುವ ಮೊದಲು, ಒಮ್ಮೆ ಕಿವಿಯ ಪರೀಕ್ಷೆ ಮಾಡಿಸುವುದು ಮಕ್ಕಳ ಕರ್ತವ್ಯವಾಗಿದೆ. ಕನ್ನಡಕ ಮಾಡಿಸಿಕೊಡಲು ತೋರುವ ಆಸಕ್ತಿಯನ್ನು ಕಿವಿಯ ವಿಷಯದಲ್ಲಿ ನಮ್ಮ ಸಮಾಜ ಇನ್ನೂ ತೋರುತ್ತಿಲ್ಲ.

ಎರಡನೆಯ ಕೊಂಡಿ ಕೋಣೆ. ಅದರಲ್ಲಿ ಮೊದಲ ಸುಧಾರಣೆಗೆ ಒಂದು ರೂಪಾಯಿಯೂ ಬೇಕಾಗಿಲ್ಲ. ಸ್ಪೀಕರ್ ಮತ್ತು ಕಿವಿಯ ನಡುವಿನ ಅಂತರ ಅರ್ಧಕ್ಕೆ ಇಳಿದಂತೆಲ್ಲ ನೇರವಾಗಿ ಬರುವ ಧ್ವನಿಯ ಮಟ್ಟ 6 ಡೆಸಿಬೆಲ್‌ನಷ್ಟು ಏರುತ್ತದೆ. 4 ಮೀಟರ್ ದೂರದ ಸ್ಪೀಕರನ್ನು 1 ಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ. ಅಷ್ಟನ್ನೇ ಆಂಪ್ಲಿಫೈಯರ್‌ನಿಂದ ಪಡೆಯಬೇಕಾದರೆ ಅದರ ಶಕ್ತಿ 16 ಪಟ್ಟು ಹೆಚ್ಚಬೇಕು. ಚಾವಡಿಯ ಕಪಾಟಿನ ಮೇಲಿದ್ದ ಸ್ಪೀಕರುಗಳಲ್ಲಿ ಒಂದನ್ನು ಕೆಳಗಿಳಿಸಿ, ಉಮ್ಮ ಕುಳಿತುಕೊಳ್ಳುವ ಮಂಚದ ಪಕ್ಕದ ಮೇಜಿನ ಮೇಲೆ, ಗೋಡೆಯಿಂದ ಎರಡು ಅಡಿ ಮುಂದಕ್ಕೆ, ಅವರ ಕಿವಿಯ ಎತ್ತರಕ್ಕೆ ಇಟ್ಟೆವು. ಮೂಲೆಗೆ ಒತ್ತಿದಷ್ಟೂ ಸ್ಪೀಕರಿನ ಗುಡುಗು ಹೆಚ್ಚಿ ಮಾತು ಮಸುಕಾಗುತ್ತದೆ. ಮಾತನ್ನು ಆಲಿಸುವುದಕ್ಕೆ ದೂರದ ಎರಡು ಸ್ಪೀಕರಿಗಿಂತ ಹತ್ತಿರದ ಒಂದೇ ಮೇಲು.

ಇನ್ನು ಗೋಡೆ ಮತ್ತು ನೆಲದ ವಿಚಾರ. ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಮಂಗಳೂರು ಹೆಂಚಿನ ಮಾಡು, ಅದರಡಿ ಹಲಗೆಯ ಮುಚ್ಚಿಗೆ, ನೆಲಕ್ಕೆ ಚಾಪೆ ಇರುತ್ತಿದ್ದವು. ಸದ್ದು ಅಲ್ಲಲ್ಲಿ ಹೀರಲ್ಪಡುತ್ತಿತ್ತು, ಸಂದಿಗಳಿಂದ ಹೊರಗೂ ಹೋಗುತ್ತಿತ್ತು. ಈಗಿನ ಮನೆಗಳಿಗೆ ಕಾಂಕ್ರೀಟಿನ ತಾರಸಿ, ನುಣುಪಾದ ಗೋಡೆ, ಹೊಳೆಯುವ ಟೈಲ್ಸ್. ಧ್ವನಿ ಒಂದು ಮೈಯಿಂದ ಇನ್ನೊಂದಕ್ಕೆ ಪುಟಿಯುತ್ತಲೇ ಇರುತ್ತದೆ. ಒಂದು ಅಕ್ಷರದ ಬಾಲ ಇಂಗುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಬೀಳುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ವಯಸ್ಸಾದ ಕಿವಿಗೆ ಇದರಿಂದಾಗುವ ತೊಂದರೆ ಎಳೆಯರಿಗಿಂತ ಎಷ್ಟೋ ಹೆಚ್ಚು.

ಈ ವಿದ್ಯೆಗೆ ಅಡಿಪಾಯ ಹಾಕಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಯುವ ಅಧ್ಯಾಪಕ ವಾಲೇಸ್ ಸಬೈನ್. ಅಲ್ಲಿನ ಫಾಗ್ ವಸ್ತು ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಭಾಷಣಕಾರರ ಮಾತು ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಅವರ ಮೇಲೆ ಬಿತ್ತು. ಖಾಲಿ ಸಭಾಂಗಣದಲ್ಲಿ ಒಂದು ಸದ್ದು ಇಂಗಲು 5 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಸಬೈನ್ ಅವರು ಊರು ನಿಶ್ಶಬ್ದವಾದ ರಾತ್ರಿ ವೇಳೆಯಲ್ಲಿ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತರಿಸಿ, ಒಂದೊಂದಾಗಿ ಜೋಡಿಸುತ್ತಾ, ಸದ್ದು ಎಷ್ಟು ಬೇಗ ಇಂಗುತ್ತದೆಂದು ಅಳೆದರು. ಕೋಣೆಯ ಗಾತ್ರ ಹೆಚ್ಚಿದಂತೆ ಅನುರಣನ ಹೆಚ್ಚುತ್ತದೆ, ಹೀರುವ ಮೈ ಹೆಚ್ಚಿದಂತೆ ಕಡಿಮೆಯಾಗುತ್ತದೆ ಎಂಬ ಸೂತ್ರ ಅದರಿಂದ ದೊರೆಯಿತು. ಇಂದಿಗೂ ಸಭಾಂಗಣ ಕಟ್ಟುವವರು ಬಳಸುವ ಲೆಕ್ಕ ಅದೇ.

ಅಣ್ಣನ ಮಗಳು ಆ ಸೂತ್ರವನ್ನು ನಮ್ಮ ಚಾವಡಿಗೆ ಅನ್ವಯಿಸಿ ನೋಡಿದಳು. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಎಲ್ಲ ಮೈಗಳೂ ಸೇರಿ ಸದ್ದಿನ ಶೇಕಡಾ 5ರಷ್ಟನ್ನು ಮಾತ್ರ ಹೀರುತ್ತವೆಂದು ಹಿಡಿದರೆ ಅನುರಣನ ಸುಮಾರು 2 ಸೆಕೆಂಡು. ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗಳಿಗೆ ನೆರಿಗೆ ತುಂಬಿದ ಭಾರವಾದ ಪರದೆ, ಎದುರು ಗೋಡೆಗೆ ಬಾಪನ ಕಿತಾಬುಗಳ ತೆರೆದ ಕಪಾಟು, ಒಂದೆರಡು ಹತ್ತಿಯ ದಿಂಬು ಸೇರಿದರೆ ಅದು 0.6 ಸೆಕೆಂಡಿಗೆ ಇಳಿಯುತ್ತದೆ. ಕಪಾಟೂ ದಿಂಬೂ ಮನೆಯಲ್ಲೇ ಇದ್ದವು. ಜಮಖಾನೆ ಮತ್ತು ಪರದೆಗೆ 6,000 ರೂಪಾಯಿ ಖರ್ಚಾಯಿತು. ಜಮಖಾನೆ ಹಾಸಿದ ದಿನ ಚಾವಡಿಯಲ್ಲಿ ನಾವು ಮಾತನಾಡುವ ದನಿಯೇ ತಗ್ಗಿತು. ಏರಿಸಿ ಮಾತನಾಡುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಮೆತ್ತನೆಯ ಹಾಸು ಇರುವ ಮಸೀದಿಯಲ್ಲಿ ಇಮಾಮರ ಓದು ಸ್ಪಷ್ಟವಾಗಿ ಕೇಳಿಸುವುದರ ಹಿಂದೆಯೂ ಇದೇ ಕಾರಣವಿದೆ.

ಮೂರನೆಯದು ಸ್ಪೀಕರ್. ಕಡಲ ತೀರದವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಹಳೆಯ ವೂಫರ್‌ಗಳ ಅಂಚಿನಲ್ಲಿ ಫೋಮಿನ ಸುತ್ತುಪಟ್ಟಿ ಇರುತ್ತದೆ. ವರ್ಷಗಳು ಕಳೆದಂತೆ, ಅದರಲ್ಲೂ ತೇವದ ಹವೆಯಲ್ಲಿ, ಅದು ಪುಡಿಪುಡಿಯಾಗುತ್ತದೆ. ಆಗ ಸ್ಪೀಕರ್ ಗರಗರ ಎನ್ನತೊಡಗುತ್ತದೆ. ಇಡೀ ಸ್ಪೀಕರನ್ನು ಎಸೆಯಬೇಕಾಗಿಲ್ಲ. ಕೈಕೆಲಸ ಬಲ್ಲ ರಿಪೇರಿಯವರು ಪಟ್ಟಿಯನ್ನಷ್ಟೇ ಬದಲಿಸಿಕೊಡುತ್ತಾರೆ. ಬಾಪನ ಸ್ಪೀಕರುಗಳು 1,500 ರೂಪಾಯಿಯಲ್ಲಿ ಮರುಜೀವ ಪಡೆದವು. ಹೊಸದನ್ನು ಕೊಳ್ಳುವವರು ರಬ್ಬರಿನ ಪಟ್ಟಿಯಿರುವುದನ್ನು ಆರಿಸಿಕೊಂಡರೆ ಬಾಳಿಕೆ ಹೆಚ್ಚು. ವ್ಯಂಜನಗಳ ಸೂಕ್ಷ್ಮ ಸದ್ದನ್ನು ಹೊರಡಿಸುವುದು ಟ್ವೀಟರ್ ಎಂಬ ಚಿಕ್ಕ ಸ್ಪೀಕರ್. ಅದರ ಧ್ವನಿ ದೀಪದ ಬೆಳಕಿನಂತೆ ಮುಂದಕ್ಕೆ ಸಾಗುವುದರಿಂದ ಅದು ಕಿವಿಗೆ ಮುಖ ಮಾಡಿರಬೇಕು.

ಹೋಮ್ ಥಿಯೇಟರಿನೊಂದಿಗೆ ಬರುವ ಸಬ್‌ವೂಫರ್ ಸಾಮಾನ್ಯವಾಗಿ 80ರಿಂದ 100 ಕಂಪನಗಳಿಗಿಂತ ಕೆಳಗಿನ ಗುಡುಗನ್ನು ಮಾತ್ರ ನುಡಿಸುತ್ತದೆ. ಗಂಡಸಿನ ಮಾತಿನ ಅತಿ ತಗ್ಗಿನ ದನಿಯೂ ಬಹುಮಟ್ಟಿಗೆ ಅದಕ್ಕಿಂತ ಮೇಲೆಯೇ ಇರುತ್ತದೆ. ಪಾರಾಯಣ ಮತ್ತು ಪ್ರವಚನ ಆಲಿಸುವವರಿಗೆ ಸಬ್‌ವೂಫರ್ ಅಲಂಕಾರದ ಮೆಟ್ಟಿಲಿನ ವಸ್ತು. ಅದರ ಗುಡುಗು ಗೋಡೆ ದಾಟಿ ನೆರೆಮನೆಗೆ ಹೋಗುವುದರಲ್ಲಿ ಮಾತ್ರ ಎಲ್ಲಕ್ಕಿಂತ ಮುಂದು.

ನಾಲ್ಕನೆಯದು ಆಂಪ್ಲಿಫೈಯರ್. ವ್ಯಾಟುಗಳ ಸಂಖ್ಯೆಯಲ್ಲಿ ಜನ ಮರುಳಾಗುವುದು ಹೊಸತೇನಲ್ಲ. ಒಂದು ಕಾಲದಲ್ಲಿ ಸಣ್ಣ ಟೇಪ್ ರೆಕಾರ್ಡರುಗಳ ಮೇಲೂ ಪಿಎಂಪಿಒ ಎಂಬ ಹೆಸರಿನಲ್ಲಿ ಸಾವಿರಾರು ವ್ಯಾಟುಗಳನ್ನು ಬರೆದಿರುತ್ತಿದ್ದರು. ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವುದು ಆರ್‌ಎಂಎಸ್ ಸಂಖ್ಯೆ. ಅದನ್ನಷ್ಟೇ ನೋಡಬೇಕು. ಶಕ್ತಿ 50ರಿಂದ 100 ವ್ಯಾಟಿಗೆ ದುಪ್ಪಟ್ಟಾದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಸದ್ದು ಎರಡು ಪಟ್ಟು ಜೋರಾದಂತೆ ಕಿವಿಗೆ ಅನಿಸಬೇಕಾದರೆ ಶಕ್ತಿ ಸುಮಾರು 10 ಪಟ್ಟು ಬೇಕು. ಸಾಮಾನ್ಯ ಸ್ಪೀಕರೊಂದು 1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಸುಮಾರು 87 ಡೆಸಿಬೆಲ್ ಸದ್ದು ಮಾಡುತ್ತದೆ. ಮನುಷ್ಯರ ಸಹಜ ಸಂಭಾಷಣೆ 60ರ ಆಸುಪಾಸು. ಅಂದರೆ ಹತ್ತಿರ ಕುಳಿತು ಪಾರಾಯಣ ಆಲಿಸಲು ಒಂದು ವ್ಯಾಟಿನ ಸಣ್ಣ ಅಂಶವೇ ಸಾಕು. ನಮ್ಮ ಆಂಪ್ಲಿಫೈಯರಿಗೆ ಬೇಕಾದದ್ದು 700 ರೂಪಾಯಿಯ ಸೇವೆ ಮಾತ್ರ: ಧೂಳು ತೆಗೆಯುವುದು, ಕರಕರ ಎನ್ನುವ ವಾಲ್ಯೂಮ್ ಗುಂಡಿಯನ್ನು ಶುಚಿಗೊಳಿಸುವುದು, ಉಬ್ಬಿದ ಎರಡು ಕೆಪಾಸಿಟರ್ ಬದಲಿಸುವುದು. ಮಳೆಗಾಲಕ್ಕೆ ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸುವುದು ಮತ್ತು ಸಿಡಿಲಿನ ಸೂಚನೆ ಕಂಡೊಡನೆ ಪ್ಲಗ್ ಕೀಳುವುದು ನಮ್ಮ ಭಾಗದಲ್ಲಿ ಯಾವ ಹೊಸ ಉಪಕರಣಕ್ಕಿಂತಲೂ ದೊಡ್ಡ ಉಳಿತಾಯ.

ಐದನೆಯದು ಮೂಲ. ಈಜಿಪ್ಟಿನ ಖಾರಿ ಮಹ್ಮೂದ್ ಖಲೀಲ್ ಅಲ್ ಹುಸರಿಯವರ ಕಂಠದಲ್ಲಿ ಸಂಪೂರ್ಣ ಕುರ್‌ಆನಿನ ತರ್ತೀಲ್ ಪಾರಾಯಣ ಧ್ವನಿಮುದ್ರಿತವಾದದ್ದು 1961ರಲ್ಲಿ. 1964ರಲ್ಲಿ ಕೈರೋದಿಂದ ಕುರ್‌ಆನಿಗಾಗಿಯೇ ಮೀಸಲಾದ ಬಾನುಲಿ ಕೇಂದ್ರ ಆರಂಭವಾಯಿತು. ಇಂದಿನ ಉಪಕರಣಗಳಿಗೆ ಹೋಲಿಸಿದರೆ ಅಂದಿನವು ಸರಳ. ಆದರೂ ಆ ಪಾರಾಯಣದ ಒಂದೊಂದು ಅಕ್ಷರವೂ ಇಂದಿಗೂ ಸ್ಪಷ್ಟವಾಗಿದೆ. ಏಕೆಂದರೆ ಓದುವವರ ಉಚ್ಚಾರ ಸ್ಪಷ್ಟವಾಗಿತ್ತು, ಮುದ್ರಣ ಶ್ರದ್ಧೆಯಿಂದ ನಡೆದಿತ್ತು. ಕೈಯಿಂದ ಕೈಗೆ ದಾಟಿ ಸವೆದ ಪ್ರತಿಗಳಿಗೆ ಬದಲು ಒಳ್ಳೆಯ ಪ್ರತಿಯೊಂದನ್ನು ಹುಡುಕಿ, ಮೊಬೈಲನ್ನು ಒಂದು ಸಾದಾ ತಂತಿಯಿಂದ ಆಂಪ್ಲಿಫೈಯರಿಗೆ ಜೋಡಿಸಿದರೆ ಮೂಲದ ಕೆಲಸ ಮುಗಿಯಿತು. ಕ್ಯಾಸೆಟ್ಟುಗಳನ್ನು ಇನ್ನೂ ಇಟ್ಟುಕೊಂಡಿರುವವರು ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅದರ ಪಕ್ಕದ ಸಣ್ಣ ತಿರುಪನ್ನು ಬಲ್ಲವರಿಂದ ಹೊಂದಿಸಿಕೊಂಡರೆ ಮಸುಕಾದ ದನಿ ಎಷ್ಟೋ ಮಟ್ಟಿಗೆ ತಿಳಿಯಾಗುತ್ತದೆ.

ಕೊನೆಯದು ತಂತಿ. ಮನೆಯ ವಯರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ 5 ಮೀಟರ್ ಹೋಗಿ ಮರಳುವಾಗ ಒಡ್ಡುವ ತಡೆ 0.12 ಓಮ್‌ನಷ್ಟು. ಸ್ಪೀಕರಿನದ್ದು ಸಾಮಾನ್ಯವಾಗಿ 8 ಓಮ್. ವ್ಯತ್ಯಾಸ ಕಿವಿಗೆ ತಿಳಿಯದು. 300 ರೂಪಾಯಿಯಲ್ಲಿ ಈ ಕೆಲಸವೂ ಮುಗಿಯಿತು. ಉಪ್ಪುಗಾಳಿಗೆ ತಂತಿಯ ತುದಿ ಹಸಿರುಗಟ್ಟುತ್ತದೆ. ವರ್ಷಕ್ಕೊಮ್ಮೆ ಅದನ್ನು ಕತ್ತರಿಸಿ ಹೊಸದಾಗಿ ಬಿಗಿಯುವುದು ದುಬಾರಿ ತಂತಿಗಿಂತ ಹೆಚ್ಚು ಫಲ ಕೊಡುತ್ತದೆ.

ಸದ್ದಿನ ಮಟ್ಟದ ವಿಷಯದಲ್ಲಿ ಪ್ರವಾದಿ(ಸ)ರ ಮಾರ್ಗದರ್ಶನ ನಮ್ಮ ಕಣ್ಣ ಮುಂದಿದೆ. ರಾತ್ರಿಯ ನಮಾಝಿನಲ್ಲಿ ಅಬೂಬಕರ್(ರ) ತೀರ ಮೆಲ್ಲಗೆ, ಉಮರ್(ರ) ಜೋರಾಗಿ ಓದುತ್ತಿದ್ದರು. ಮೊದಲಿನವರಿಗೆ ದನಿಯನ್ನು ತುಸು ಏರಿಸಲೂ, ಎರಡನೆಯವರಿಗೆ ತುಸು ತಗ್ಗಿಸಲೂ ಪ್ರವಾದಿ(ಸ)ರು ಸೂಚಿಸಿದರೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ಮಸೀದಿಯಲ್ಲಿ ಇಅ್‌ತಿಕಾಫ್ ಕುಳಿತಿದ್ದಾಗ ಜನರು ಗಟ್ಟಿಯಾಗಿ ಓದುವುದನ್ನು ಕೇಳಿ, ಪ್ರತಿಯೊಬ್ಬರೂ ತಮ್ಮ ಪ್ರಭುವಿನೊಡನೆ ಸಂಭಾಷಿಸುತ್ತಿರುವುದರಿಂದ ಒಬ್ಬರಿಗೊಬ್ಬರು ತೊಂದರೆ ಕೊಡಬಾರದೆಂದು ಅವರು ತಿಳಿಹೇಳಿದ್ದೂ ಅದೇ ಗ್ರಂಥದಲ್ಲಿದೆ. ಕುರ್‌ಆನಿನ ಪಾರಾಯಣಕ್ಕೇ ಈ ಮಿತಿ ಇರುವಾಗ ಉಳಿದ ಸದ್ದುಗಳ ಬಗ್ಗೆ ಹೇಳುವುದೇನಿದೆ? ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳೂ ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಎಂಬ ಮಿತಿ ಹಾಕಿವೆ. ನಮ್ಮ ಪಕ್ಕದ ಮನೆಯ ಹುಡುಗಿ ಈ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆಗೆ ಕುಳಿತಿದ್ದಳು. ಬೆಳಿಗ್ಗೆ ಐದೂವರೆಗೆ ಅವಳು ಪುಸ್ತಕ ತೆರೆಯುವ ಹೊತ್ತಿಗೇ ಉಮ್ಮನ ಆಲಿಕೆಯೂ ಆರಂಭವಾಗುತ್ತದೆ. ನೆರೆಯವರು ಒಂದು ದಿನವೂ ದೂರಿದವರಲ್ಲ. ದೂರದಿರುವ ನೆರೆಯವರ ಹಕ್ಕನ್ನು ಕಾಯುವುದು ಇನ್ನೂ ದೊಡ್ಡ ಹೊಣೆ. ಸ್ಪೀಕರ್ ಹತ್ತಿರ ಬಂದ ಮೇಲೆ, ಚಾವಡಿಗೆ ಜಮಖಾನೆ ಬಿದ್ದ ಮೇಲೆ, ವಾಲ್ಯೂಮ್ ಗುಂಡಿ ಮೊದಲಿನ ಅರ್ಧಕ್ಕೂ ಏರಬೇಕಾಗಿ ಬರಲಿಲ್ಲ.

ಇಷ್ಟೆಲ್ಲ ಕೆಲಸಕ್ಕೆ ತಗಲಿದ ಒಟ್ಟು ವೆಚ್ಚ 8,500 ರೂಪಾಯಿ. ಉಳಿದ 31,500 ರೂಪಾಯಿಯನ್ನು ಉಮ್ಮನ ಶ್ರವಣ ಸಾಧನಕ್ಕೆ ಮೀಸಲಿಡಬೇಕೆಂಬುದು ನಮ್ಮ ತೀರ್ಮಾನ. ಇದನ್ನು ಹಿರಿಯಣ್ಣನಿಗೆ ತಿಳಿಸುವುದು ಸುಲಭವಾಗಿರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಪರದೇಶದಲ್ಲಿರುವ ಮಗನೊಬ್ಬ ತನ್ನ ಪ್ರೀತಿ ಮನೆಯ ಚಾವಡಿಯಲ್ಲಿ ಕಣ್ಣಿಗೆ ಕಾಣುವಂತೆ ನಿಂತಿರಲಿ ಎಂದು ಬಯಸುವುದು ಸಹಜ. ಬಂದವರೆಲ್ಲ ನೋಡುವ ದೊಡ್ಡ ಪೆಟ್ಟಿಗೆಯ ಬದಲು ಕಿವಿಯ ಹಿಂದೆ ಅಡಗುವ ಬೆರಳ ತುದಿಯಷ್ಟು ವಸ್ತುವಿಗೆ ತನ್ನ ಹಣ ಹೋಗುತ್ತದೆಂದು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಗ ಉಮ್ಮ ಫೋನ್ ತೆಗೆದುಕೊಂಡು, "ದೊಡ್ಡ ಪೆಟ್ಟಿಗೆಯನ್ನು ಮನೆಗೆ ಬಂದವರು ನೋಡುತ್ತಾರೆ ಮಗನೇ, ಇದು ನನ್ನೊಂದಿಗೇ ಇರುತ್ತದೆ" ಎಂದರು. ಅಣ್ಣ ಮತ್ತೆ ಏನನ್ನೂ ಹೇಳದೆ ಒಪ್ಪಿಕೊಂಡರು.

ಸಾಧನಕ್ಕೆ ಹೊಂದಿಕೊಳ್ಳಲು ಉಮ್ಮನಿಗೆ ಒಂದು ತಿಂಗಳು ಬೇಕಾಯಿತು. ಮೊದಲ ದಿನಗಳಲ್ಲಿ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲವೂ ಕಿರಿಕಿರಿಯೆನಿಸಿ ತೆಗೆದಿಡುತ್ತಿದ್ದರು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊತ್ತನ್ನು ಹೆಚ್ಚಿಸುತ್ತಾ ಹೋದೆವು. ಈಗ ಪಾರಾಯಣದ ನಡುವೆ ಅವರೇ ಕೈಯೆತ್ತಿ ನಿಲ್ಲಿಸಿ, ಒಂದು ಆಯತಿನ ಅರ್ಥವನ್ನು ಇನ್ನೊಮ್ಮೆ ಹಾಕಲು ಹೇಳುತ್ತಾರೆ. ಅಣ್ಣನ ಕರೆ ಬಂದಾಗ ಒಂದೇ ಮಾತನ್ನು ಮೂರು ಸಲ ಹೇಳಿಸುವುದು ನಿಂತಿದೆ. ಅವರ ಉಡುಗೊರೆ ಕುರ್‌ಆನನ್ನು ಮಾತ್ರವಲ್ಲ, ಅವರದೇ ದನಿಯನ್ನೂ ತಾಯಿಗೆ ತಲುಪಿಸಿತು.

ಪ್ರವಾದಿ(ಸ)ರು ಸ್ವತಃ ಕುರ್‌ಆನ್ ಅವತೀರ್ಣಗೊಂಡ ವ್ಯಕ್ತಿಯಾಗಿದ್ದೂ, ಅದನ್ನು ಇತರರ ಬಾಯಿಂದ ಕೇಳುವುದೆಂದರೆ ನನಗೆ ಇಷ್ಟವೆಂದು ಹೇಳಿ ಅಬ್ದುಲ್ಲಾ ಬಿನ್ ಮಸ್‌ಊದ್(ರ)ರಿಂದ ಓದಿಸಿದರು. ಅನ್ನಿಸಾ ಅಧ್ಯಾಯದ 41ನೆಯ ಸೂಕ್ತವನ್ನು ತಲುಪಿದಾಗ ಅವರ ಕಣ್ಣುಗಳು ತುಂಬಿ ಹರಿಯುತ್ತಿದ್ದವೆಂದು ಬುಖಾರಿಯಲ್ಲಿದೆ. ಅಲ್ಲಿ ಓದುವ ಒಂದು ಕಂಠವಿತ್ತು, ಆಲಿಸುವ ಒಂದು ಕಿವಿಯಿತ್ತು, ಅವೆರಡರ ನಡುವೆ ಹೆಚ್ಚಿನ ಅಂತರವಿರಲಿಲ್ಲ. ಆಲಿಕೆಯ ಸಾಧನಗಳೆಲ್ಲ ಮಾಡಬೇಕಾದ ಕೆಲಸ ಆ ಅಂತರವನ್ನು ಕಡಿಮೆ ಮಾಡುವುದೇ ಆಗಿದೆ.

ಆದ್ದರಿಂದ ಪ್ರಿಯ ಓದುಗರೇ, ಮನೆಯ ಧ್ವನಿ ವ್ಯವಸ್ಥೆಯನ್ನು ಸುಧಾರಿಸಲು ಹೊರಟಾಗ ಆಲಿಸುವವರು ಯಾರು, ಅವರಿಗೆ ಯಾವುದು ಕೇಳಿಸುತ್ತಿಲ್ಲ ಎಂದು ಮೊದಲು ವಿಚಾರಿಸಿರಿ. ಇರುವ ಸ್ಪೀಕರನ್ನು ಹತ್ತಿರಕ್ಕೆ ತನ್ನಿರಿ, ಕೋಣೆಯನ್ನು ಮೆತ್ತಗಾಗಿಸಿರಿ, ರಿಪೇರಿಯಾಗುವುದನ್ನು ರಿಪೇರಿ ಮಾಡಿಸಿರಿ. ಅದಾದ ಬಳಿಕವೂ ಕೊರತೆ ಉಳಿದರೆ ಹೊಸತನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಅಲ್ಲಾಹನು ನಮ್ಮ ಕಿವಿಗಳನ್ನು ಸತ್ಯವನ್ನು ಆಲಿಸುವ ಕಿವಿಗಳಾಗಿಸಲಿ, ನಮ್ಮ ಸಂಪತ್ತನ್ನು ಅದರ ಸರಿಯಾದ ಸ್ಥಾನದಲ್ಲಿ ವಿನಿಯೋಗಿಸುವ ವಿವೇಕವನ್ನು ನೀಡಲಿ, ನಮ್ಮ ಹೆತ್ತವರ ಶ್ರವಣ ಮತ್ತು ದೃಷ್ಟಿಗಳಲ್ಲಿ ಬರಕತ್ ಅನುಗ್ರಹಿಸಲಿ. ಆಮೀನ್.